ಕುದೇರಿನ ಅವಳಿ ಕೂಸುಗಳು

ಬಚ್ಚಲೊಲೆ ಹತ್ತಿಕೊಳ್ಳಲೊಲ್ಲದು. ಗುರುಮಲ್ಲಮ್ಮ ಕೊಳವೆ ಹಿಡಿದು ಊದಿದಷ್ಟೂ ಅದು ಒಂದಿಷ್ಟು ಹೊಗೆ ಕಾರಿ ಸುಮ್ಮನಾಗುತ್ತಿತ್ತು. ರಾತ್ರಿ ಬಿದ್ದ ಹನಿಗೆ ತೆಂಗಿನ ಮಟ್ಟೆಯೆಲ್ಲ ನೆನೆದುಹೋಗಿತ್ತು. ನೀರು ಕಾಯದೆ ಬಾಣಂತಿಗೆ ಎರೆಯುವಂತಿಲ್ಲ, ಎರೆಯದೆ ಸಾಂಬ್ರಾಣಿ ಹಾಕುವಂತಿಲ್ಲ, ಸಾಂಬ್ರಾಣಿ ಹಾಕದೆ ಮಲಗಿಸುವಂತಿಲ್ಲ, ಬಾಣಂತಿ ಮಲಗದೆ ಅಡಿಗೆಮನೆ ಕಡೆ ತಿರುಗಿ ನೋಡುವಂತಿಲ್ಲ. ಇಡೀ ಮನೆಯ ಬೆಳಗು ಆ ಒದ್ದೆ ಮಟ್ಟೆಯ ಕೈಲಿತ್ತು.

"ಹತ್ಕಳೆ ನನ್ನವ್ವ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅವಳು ಒಲೆಯನ್ನು ಬೇಡಿಕೊಳ್ಳುತ್ತಿರುವಾಗ ಬೀದಿಯಲ್ಲಿ ಲಾರಿಯ ಹಾರನ್ ಕೇಳಿತು. ಕುದೇರಿನ ಆ ಬೀದಿಗೆ ಎತ್ತಿನ ಗಾಡಿ ಬರುತ್ತಿತ್ತು, ವರ್ಷಕ್ಕೊಮ್ಮೆ ಅಮಲ್ದಾರರ ಜೀಪು ಬರುತ್ತಿತ್ತು. ಲಾರಿ ಬಂದದ್ದು ಅವಳಿಗೆ ನೆನಪಿರಲಿಲ್ಲ.

ಆರು ವರ್ಷದ ನೀಲಿ ಹಿತ್ತಲಿಗೆ ಓಡಿಬಂದಳು. "ಅವ್ವಾ! ಈರುಳ್ಳಿ ಲಾರಿ ಬಂದದೆ! ಡ್ರೈವರ್ ಪಕ್ಕದಲ್ಲಿ ಅಕ್ಕನ ಅತ್ತೆ ಕುಂತವ್ರೆ! ಇಳಿಯಕ್ಕೆ ಆಯ್ತಾ ಇಲ್ಲ, ಇಬ್ರು ಇಡ್ಕಂಡು ಇಳಿಸ್ತಾವ್ರೆ!"

ಗುರುಮಲ್ಲಮ್ಮನ ಕೈಯಿಂದ ಊದುಗೊಳವೆ ಜಾರಿತು. ಅವಳು ಮೊದಲು ಮಾಡಿದ್ದು ಸೆರಗು ಸರಿಮಾಡಿಕೊಂಡದ್ದಲ್ಲ, ಮುಖ ಒರೆಸಿಕೊಂಡದ್ದೂ ಅಲ್ಲ. ಸೀರೆಯ ಒಳಗೆ ಹೊಟ್ಟೆಗೆ ಬಿಗಿದುಕೊಂಡಿದ್ದ ಹಳೆಬಟ್ಟೆಯ ಕಟ್ಟನ್ನು ಮುಟ್ಟಿ ನೋಡಿಕೊಂಡಳು. ಹೆತ್ತ ಹೆಂಗಸು ಹೊಟ್ಟೆ ಬರದಿರಲೆಂದು ಕಟ್ಟಿಕೊಳ್ಳುವ ಕಟ್ಟು ಅದು.

ಸಂಗತಿ ಇಷ್ಟು. ಹಿರಿಯ ಮಗಳು ಶಾಂತಮಲ್ಲಮ್ಮ ಚೊಚ್ಚಲ ಹೆರಿಗೆಗೆಂದು ಗುಂಡ್ಲುಪೇಟೆಯ ಗಂಡನ ಮನೆಯಿಂದ ತವರಿಗೆ ಬಂದಾಗ ಅವಳಿಗೆ ಏಳು ತಿಂಗಳು. ಬಾಗಿಲ ಹಿಂದೆ ನಿಂತಿದ್ದ ತಾಯಿಗೂ ಹೆಚ್ಚುಕಡಿಮೆ ಅಷ್ಟೇ. ಕರೆತಂದ ಅಳಿಯ ಗಂಗಾಧರಸ್ವಾಮಿಗೆ ಇದು ಕಾಣಲಿಲ್ಲ, ಏಕೆಂದರೆ ಅಳಿಯನ ಎದುರಿಗೆ ಅತ್ತೆ ನಿಲ್ಲುವ ರೂಢಿ ಆ ಕಡೆ ಇಲ್ಲ. ಅವನು ಹೋದ ಮೇಲೆ ಮಗಳು ತಾಯಿಯ ಹೊಟ್ಟೆ ನೋಡಿದಳು, ತಾಯಿ ಮಗಳ ಹೊಟ್ಟೆ ನೋಡಿದಳು, ಆಮೇಲೆ ಇಬ್ಬರೂ ನೆಲ ನೋಡಿದರು.

"ಏನವ್ವ ಇದು?" ಎಂದಳು ಶಾಂತ.

"ಏನೋ ಕಣಮ್ಮಿ, ಆಗೋಯ್ತು" ಎಂದಳು ಗುರುಮಲ್ಲಮ್ಮ.

ಮಗಳಿಗೆ ಹೆಣ್ಣು ಹುಟ್ಟಿತು. ಅದಾದ ವಾರಕ್ಕೆ ತಾಯಿಗೆ ಗಂಡು ಹುಟ್ಟಿತು. ಮೊದಲನೆಯ ಸುದ್ದಿ ಗುಂಡ್ಲುಪೇಟೆಗೆ ಹೋಯಿತು. ಎರಡನೆಯ ಸುದ್ದಿಯ ವಿಷಯ ಬಂದಾಗ ಗಂಡ ದೊಡ್ಡಮಲ್ಲಪ್ಪ, "ನಿಧಾನಕ್ಕೆ ಯೋಳುದ್ರಾಯ್ತು ಬುಡು" ಎಂದು ಟವಲ್ಲು ಕೊಡವಿ ಹೊಲಕ್ಕೆ ಹೋದ. ಊರಿಗೆಲ್ಲ ಗೊತ್ತಿದ್ದದ್ದು ಬೀಗರ ಮನೆಗೆ ಮಾತ್ರ ಗೊತ್ತಾಗಲಿಲ್ಲ. ಶಾಂತಳ ಮದುವೆಯ ದಿನ ಎಲೆಅಡಿಕೆ ಹಾಕಿಕೊಂಡು ಕೂತಿದ್ದ ಬೀಗಿತಿ, ಗುಂಡ್ಲುಪೇಟೆಯಲ್ಲಿ ಯಾರೋ ಒಬ್ಬಳು ಮಗಳ ಜೊತೆಜೊತೆಗೇ ಹೆತ್ತ ಕತೆ ಹೇಳಿ, ನಕ್ಕು ನಕ್ಕು ಕೆಂಪು ರಸವನ್ನೆಲ್ಲ ಹೊಸ ಸೀರೆಯ ಮೇಲೆ ಚೆಲ್ಲಿಕೊಂಡಿದ್ದಳು. ಆ ನಗು ಗುರುಮಲ್ಲಮ್ಮನ ಕಿವಿಯಲ್ಲಿ ಹಾಗೇ ಕೂತಿತ್ತು. ತನ್ನ ಮಾನ ಹೋದರೆ ಹೋಗಲಿ, ಆ ಮನೆಯಲ್ಲಿ ಮಗಳು ಬಾಳಬೇಕಲ್ಲ!

ತಾಯಿಯ ಬಾಣಂತನ ಮೂರೇ ದಿನಕ್ಕೆ ಮುಗಿಯಿತು. ಸೂಲಗಿತ್ತಿ ಪುಟ್ಟಸಿದ್ದಮ್ಮ ಬಂದು ಎರೆದು ಹೋದದ್ದಷ್ಟೇ. ಗುರುಮಲ್ಲಮ್ಮನಿಗೆ ತಾಯಿಯಿಲ್ಲ, ಓರಗಿತ್ತಿಯಿಲ್ಲ. ನಾಲ್ಕನೆಯ ಬೆಳಿಗ್ಗೆ ಒಳಗೆ ಶಾಂತ "ಅವ್ವಾ, ಬಾಯಾರ್ತದೆ" ಎಂದು ಕರೆದಾಗ, ಪಕ್ಕದಲ್ಲೇ ಮಲಗಿದ್ದ ಇವಳು ಎದ್ದು, ಹೊಟ್ಟೆ ಬಿಗಿದುಕೊಂಡು, ಒಲೆ ಹಚ್ಚಿದಳು. ಅಂದಿನಿಂದ ಎದ್ದವಳು ಮತ್ತೆ ಮಲಗಿರಲಿಲ್ಲ.

ಈಗ ಗುರುಮಲ್ಲಮ್ಮ ಊದುಗೊಳವೆ ಎತ್ತಿಡುವಷ್ಟರಲ್ಲಿ ಬೀಗಿತಿ, ಶಾಂತಳ ಅತ್ತೆ ದೊಡ್ಡಮಲ್ಲಮ್ಮ, ಹೆಸರಿಗೆ ತಕ್ಕ ಹಾಗೆ ಬಾಗಿಲ ತುಂಬ ನಿಂತಿದ್ದಳು.

"ಸಂತೇಮರಳ್ಳಿ ಕಡೆಗೆ ಲಾರಿ ಒಂಟಿತ್ತು, ಅತ್ತಿ ಕುಂತ್ಕಬುಟ್ಟೆ" ಎಂದಳು, ಕಾಲು ತೊಳೆದುಕೊಳ್ಳುತ್ತ. "ಮೂಟೆ ಮೇಲೆ ಬೇಕಾದ್ರೂ ಕುಂತ್ಕತೀನಿ, ಮೊಮ್ಮಗಳ ಮೊಕ ನೋಡ್ದೆ ಇನ್ನು ಇರಕ್ಕಾಗಲ್ಲ ಅಂದೆ. ಅದೇನು ಬೀಗಿತಿ ನೀವಿಷ್ಟು ಬಾಡೋಗಿದ್ದೀರಿ? ಮಗಳು ಎತ್ತರೆ ನೀವು ಬಿಳ್ಚ್ಕಂಡಿದ್ದೀರಲ್ಲ!"

"ಒಲೆ ಹೊಗೆ ಅಕ್ಕಾ" ಎಂದಳು ಗುರುಮಲ್ಲಮ್ಮ. "ಕಾಫಿ ಕುಡೀರಿ ಮೊದ್ಲು. ಕುಂತ್ಕಳಿ. ಕೂಸು ಮಲಗದೆ. ಆಮ್ಯಾಕೆ ನೋಡೀರಂತೆ."

ದೊಡ್ಡಮಲ್ಲಮ್ಮ ಆಮೇಲೆ ನೋಡುವ ಪೈಕಿಯಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಕೋಣೆಯ ಪರದೆ ಸರಿಸಿ ಒಳಗೆ ನಡೆದೇಬಿಟ್ಟಳು. ಗುರುಮಲ್ಲಮ್ಮ ಹಿಂದೆಯೇ ಓಡಿದರೂ ಬೀಗಿತಿಯ ಬೆನ್ನನ್ನು ದಾಟಿ ಮುಂದಕ್ಕೆ ಹೋಗಲು ದಾರಿಯಿರಲಿಲ್ಲ.

ಕೋಣೆಯಲ್ಲಿ ಬೆಳ್ಳುಳ್ಳಿಯ ವಾಸನೆ, ಅರೆಗತ್ತಲು. ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಸುತ್ತಿಕೊಂಡು ಶಾಂತ ಇನ್ನೂ ನಿದ್ದೆಯಲ್ಲೇ ಇದ್ದಳು. ಅವಳ ಪಕ್ಕದಲ್ಲಿ ಹಳೆಸೀರೆಯ ಮಡಿಕೆಯ ಮೇಲೆ ಒಂದು ಕೂಸು, ಅದಕ್ಕೆ ಒತ್ತಿಕೊಂಡು ಇನ್ನೊಂದು.

ದೊಡ್ಡಮಲ್ಲಮ್ಮ ಬಗ್ಗಿ ಒಂದರ ಬಟ್ಟೆ ಬಿಚ್ಚಿ ನೋಡಿದಳು. ಹೆಣ್ಣು. ಇನ್ನೊಂದರದು ಬಿಚ್ಚಿದಳು. ಬಿಚ್ಚಿದವಳು ಹಾಗೇ ನಿಂತಳು.

ಗುರುಮಲ್ಲಮ್ಮ ಕಣ್ಣು ಮುಚ್ಚಿಕೊಂಡಳು. ಮುಗಿಯಿತು ಅಂದುಕೊಂಡಳು.

"ನಿಮ್ಮ ಬುದ್ಧಿಗೆ ಏನು ಕೊಟ್ರೂ ಸಾಲ್ದು ಬೀಗಿತಿ!" ಎಂದಳು ಬೀಗಿತಿ. "ಎಣ್ಣು ಅಂತ ಯೋಳಿ ಕಳುಸ್ಬುಟ್ಟು ಗಂಡನ್ನ ಬಚ್ಚಿಟ್ಕಂಡಿದ್ದೀರಿ! ಕಣ್ಣಾಯ್ತದೆ ಅಂತ ಅಲ್ವಾ? ಅವಳಿಜವಳಿ ಅಂತ ತಿಳುದ್ರೆ ಇಡೀ ಪೇಟೇನೇ ದೃಷ್ಟಿ ಆಕ್ತದೆ ಅಂತ, ಅಲ್ವಾ? ನಮ್ಮಜ್ಜಿನೂ ಇಂಗೇ ಮಾಡಿದ್ರು ಕಣವ್ವ. ನಮ್ಮಪ್ಪ ಉಟ್ಟುದಾಗ ಮೂರು ತಿಂಗ್ಳು ಊರಿಗೆಲ್ಲ ಎಣ್ಣು ಅಂತ್ಲೇ ಯೋಳಿದ್ರು. ಆ ಕಾಲದ ಬುದ್ಧಿ ಈ ಕಾಲದಲ್ಲಿ ಯಾರಿಗದೆ!"

ಗುರುಮಲ್ಲಮ್ಮ ಕಣ್ಣು ಬಿಟ್ಟು, ಬಾಯಿಯನ್ನೂ ಬಿಟ್ಟಳು. "ಅಕ್ಕಾ, ಅದು ಅಂಗಲ್ಲ..."

ಆದರೆ ದೊಡ್ಡಮಲ್ಲಮ್ಮ ಆಗಲೇ ನೆಲದ ಮೇಲೆ ಕೂತುಬಿಟ್ಟಿದ್ದಳು. ಗಂಡುಕೂಸನ್ನು ಮಡಿಲಿಗೆ ಹಾಕಿಕೊಂಡು ಅಳುತ್ತಿದ್ದಳು. ಅವಳ ಮೂವರು ಹೆಣ್ಣುಮಕ್ಕಳಿಗೂ ಬರೀ ಹೆಣ್ಣೇ. ಗಂಡ ಮರಿಮಲ್ಲಪ್ಪ ಹೋದ ವರ್ಷ, ಒಂದು ಗಂಡು ಮೊಮ್ಮಗುವನ್ನು ಕಾಣದೆ ಕಣ್ಣು ಮುಚ್ಚಿದ್ದ. "ಬಂದ್ರಾ? ಬಂದ್ಬುಟ್ರಾ ಯಜಮಾನ್ರೆ?" ಎಂದು ಕೂಸನ್ನೇ ಕೇಳುತ್ತಿದ್ದಳು.

ಅಳುವ ಹೆಂಗಸಿನ ಮಡಿಲಿನಿಂದ ಕೂಸನ್ನು ಕಿತ್ತುಕೊಂಡು "ಇದು ನಂದು" ಅನ್ನುವುದು ಹೇಗೆ? ಗುರುಮಲ್ಲಮ್ಮ ಬಾಯಿ ಮುಚ್ಚಿದಳು. ಅತ್ತು ಮುಗಿಯಲಿ, ಆಮೇಲೆ ಹೇಳೋಣ ಅಂದುಕೊಂಡಳು.

ಪರದೆಯ ಸಂದಿನಿಂದ ನೋಡುತ್ತಿದ್ದ ನೀಲಿ, "ಅತ್ತೆ, ಅದು ನಮ್ಮ..." ಅನ್ನುವಷ್ಟರಲ್ಲಿ ತಾಯಿಯ ಹೊಗೆವಾಸನೆಯ ಅಂಗೈ ಅವಳ ಬಾಯಿ ಮೇಲೆ ಬಿತ್ತು.

ಬೀಗಿತಿ ಅತ್ತು ಮುಗಿಸಿ, ಕಣ್ಣು ಮೂಗು ಒರೆಸಿಕೊಂಡು, ಬಾಗಿಲಿಗೆ ಹೋಗಿ ಲಾರಿಯವನಿಗೆ ಕೂಗಿ ಹೇಳಿದಳು: "ನೀನು ಓಗಪ್ಪ! ನಮ್ಮ ಗಂಗಾಧರಸ್ವಾಮಿಗೆ ಯೋಳು, ಅವಳಿಜವಳಿ, ಒಂದೆಣ್ಣು ಒಂದ್ಗಂಡು ಅಂತ. ನಾನು ತೊಟ್ಲು ಶಾಸ್ತ್ರ ಮುಗಿಸ್ಕಂಡೇ ಬರೋದು. ಎರಡು ಕೂಸಿನ ಬಾಣಂತನ ಒಬ್ಬ ಎಂಗಸಿನ ಕೈಲಾಯ್ತದಾ?"

ಲಾರಿ ಹಾರನ್ ಹೊಡೆದುಕೊಂಡು ಹೋಯಿತು. ಸುದ್ದಿ ಈರುಳ್ಳಿ ಮೂಟೆಗಳ ಜೊತೆ ದಾರಿಯುದ್ದಕ್ಕೂ ಇಳಿಯುತ್ತ ಹೋಯಿತು.

ಎರಡು ಕೂಸಿನ ಬಾಣಂತನ ಒಬ್ಬ ಹೆಂಗಸಿನ ಕೈಲಿ ಆಗುವುದಿಲ್ಲ ಅನ್ನುವುದು ಗುರುಮಲ್ಲಮ್ಮನಿಗೂ ಗೊತ್ತಿತ್ತು. ಎರಡು ಬಾಣಂತನದ ಜೊತೆಗೆ ಒಬ್ಬ ಬೀಗಿತಿಯನ್ನೂ ಸಾಕುವುದು ಎಂಥದ್ದು ಅನ್ನುವುದು ಈಗ ಗೊತ್ತಾಯಿತು. ಬೀಗಿತಿ ಮನೆಯಲ್ಲಿದ್ದಾಗ ಬರೀ ಸೊಪ್ಪಿನ ಸಾರು ಮಾಡಿ ಬಡಿಸಲಾಗುತ್ತದೆಯೇ? ಒಂದು ದಿನ ಒಬ್ಬಟ್ಟಿಗೆ ಹೂರಣ ರುಬ್ಬಿದಳು, ಇನ್ನೊಂದು ದಿನ ಶಾವಿಗೆ ಒತ್ತಿದಳು. ರುಬ್ಬುವ ಗುಂಡು ತಿರುಗುತ್ತಿದ್ದರೆ ಅವಳ ಕಣ್ಣ ಮುಂದೆ ಗೋಡೆಯೂ ತಿರುಗುತ್ತಿತ್ತು. ಗೋಡೆಗೆ ಒರಗಿ ಅರೆಗಳಿಗೆ ಕೂತರೆ ಒಳಗಿನಿಂದ ದನಿ ಬರುತ್ತಿತ್ತು: "ಬೀಗಿತೀ, ಕೆಂಡ ತಗಂಬನ್ನಿ!"

ದೊಡ್ಡಮಲ್ಲಮ್ಮ ಕೆಟ್ಟವಳಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಸೀರೆ ಎತ್ತಿ ಕಟ್ಟಿ ಬಚ್ಚಲಿಗೆ ಇಳಿದರೆ ಶಾಂತಳ ಬೆನ್ನಿಗೆ ಹರಳೆಣ್ಣೆ ತಿಕ್ಕುವ ಸದ್ದು ಬೀದಿಗೆ ಕೇಳುತ್ತಿತ್ತು. ಅವಳಜ್ಜಿಯ ಲೆಕ್ಕದಲ್ಲಿ ಬಾಣಂತಿಯ ನೀರು ಅಂದರೆ ಹೊಯ್ದರೆ ಮೈ ಕೆಂಪಗಾಗಬೇಕು. ಶಾಂತ "ಅಯ್ಯಯ್ಯೋ ಅತ್ತೇ!" ಎಂದು ಕೂಗಿಕೊಂಡರೆ, "ಕೂಗು, ಕೂಗು. ವಾಯು ಒಯ್ತದೆ" ಎಂದು ಇನ್ನೊಂದು ತಂಬಿಗೆ. ಆಮೇಲೆ ಅವಳನ್ನು ಕಂಬಳಿಯಲ್ಲಿ ಸುತ್ತಿ, ಸಾಂಬ್ರಾಣಿ ಹಾಕಿ, ಬೆವರುವ ತನಕ ಪಕ್ಕದಲ್ಲೇ ಕೂತು ಕಾಯುವಳು. ಆ ಎರಡು ಹಂಡೆ ನೀರನ್ನು ಬಾವಿಯಿಂದ ಸೇದಿ ತುಂಬಿದವಳು ಹೊರಗೆ ಬಚ್ಚಲ ಗೋಡೆಗೆ ಆನಿಕೊಂಡು, ಗೋಡೆಯ ಬಿಸಿಯನ್ನು ಬೆನ್ನಿಗೆ ತಗೊಳ್ಳುತ್ತಿದ್ದಳು. ಅವಳಿಗೆ ಅಷ್ಟೇ ದಕ್ಕಿದ್ದು.

ಊಟದ್ದು ಇನ್ನೊಂದು ಪಾಡು. "ಇಬ್ರಿಗೆ ಆಲು ಬರಬೇಕು" ಎಂದು ಬೀಗಿತಿ ಶಾಂತಳ ತಟ್ಟೆಗೆ ಎರಡು ಪಾಲು ಅನ್ನ, ಎರಡು ಪಾಲು ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ ಒಂದು ಬೊಗಸೆ ಹಾಕುತ್ತಿದ್ದಳು.

"ಅತ್ತೆ, ನನ್ನ ಕೈಲಾಗಲ್ಲ."

"ಎರಡು ಎರಕ್ಕೆ ಆಯ್ತು, ಎರಡು ಪಾಲು ಉಣ್ಣಕ್ಕಾಗಲ್ವಾ?"

ಶಾಂತ ಅತ್ತೆ ಅತ್ತ ತಿರುಗುವುದನ್ನೇ ಕಾದು, ಅರ್ಧ ಅನ್ನವನ್ನು ಒಂದು ಬಟ್ಟಲಿಗೆ ತಳ್ಳಿ ಕಂಬಳಿಯ ಕೆಳಗಿಂದ ನೀಲಿಯ ಕೈಗೆ ದಾಟಿಸುತ್ತಿದ್ದಳು. ನೀಲಿ ಅದನ್ನು ಲಂಗದಲ್ಲಿ ಮುಚ್ಚಿಕೊಂಡು ಕೊಟ್ಟಿಗೆಗೆ ಒಯ್ಯುತ್ತಿದ್ದಳು. ಅಲ್ಲಿ ಅವಳವ್ವ ಹಸುವಿನ ಮರೆಯಲ್ಲಿ ನಿಂತು ಗಬಗಬನೆ ಉಣ್ಣುತ್ತಿದ್ದಳು.

"ಅವ್ವಾ, ಒಂದು ಕೇಳ್ಲಾ?"

"ಬ್ಯಾಡ. ಬಾಗ್ಲು ನೋಡ್ಕಂಡಿರು."

ಹಾಲಿನ ವಿಷಯಕ್ಕೂ ಕೊಟ್ಟಿಗೆಯೇ ಗತಿ. ತಮ್ಮನನ್ನು ಅತ್ತೆಯ ಎದುರು ಎದೆಗೆ ಹಾಕಿಕೊಳ್ಳುವಾಗ ಶಾಂತಳ ಮುಖ ಮೆಣಸಿನಕಾಯಿ ಅಗಿದವಳಂತಾಗುತ್ತಿತ್ತು. ಅವನೋ ಒಳ್ಳೆ ಹೊಟ್ಟೆಬಾಕ, ಅಕ್ಕನ ಹಾಲು ಅವನ ಹೊಟ್ಟೆಯ ಒಂದು ಮೂಲೆಗೂ ಸಾಲುತ್ತಿರಲಿಲ್ಲ. ಅವನು ಕಿರುಚಿದರೆ ಎಲ್ಲಿದ್ದರೂ ಗುರುಮಲ್ಲಮ್ಮನ ರವಿಕೆ ಒದ್ದೆಯಾಗುತ್ತಿತ್ತು. ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದು, "ಕೊಡಿ ಅಕ್ಕಾ, ಎಳೇಬಿಸ್ಲು ಕಾಯಿಸ್ಕಂಬತ್ತೀನಿ" ಎಂದು ಎತ್ತಿಕೊಂಡು ಹೋಗುವಳು. ಸ್ವಲ್ಪ ಹೊತ್ತಿಗೆ ಅವನು ತೂಕಡಿಸುತ್ತ ವಾಪಸ್ಸಾಗುವನು.

"ಏನು ಕೈಗುಣ ಬೀಗಿತಿ ನಿಮ್ದು!" ಎಂದು ದೊಡ್ಡಮಲ್ಲಮ್ಮ ಬೆರಗಾಗುತ್ತಿದ್ದಳು. "ಅಳ್ತಾ ಓಗ್ತದೆ, ತೇಗ್ತಾ ಬತ್ತದೆ! ಬಿಸಿಲಲ್ಲೂ ಒಟ್ಟೆ ತುಂಬ್ತದಾ?"

ಮೋಡ ಮುಚ್ಚಿದ ದಿನವೂ ಗುರುಮಲ್ಲಮ್ಮ ಎಳೆಬಿಸಿಲಿಗೆ ಹೋಗುತ್ತಿದ್ದಳು.

ಸೂಲಗಿತ್ತಿ ಪುಟ್ಟಸಿದ್ದಮ್ಮನಿಗೆ ಮಾತ್ರ ಈ ನಾಟಕದಿಂದ ಹೊಟ್ಟೆ ಹುಣ್ಣಾಗುವಷ್ಟು ನಗು. ದಿನಾ ಬಂದು ಶಾಂತಳ ಹೊಟ್ಟೆ ಕಟ್ಟಿ, "ಇನ್ನೊಂದು ಒಟ್ಟೆ ಕಟ್ಬೇಕು" ಎಂದು ಹಿತ್ತಲಿಗೆ ನಡೆಯುವಳು.

"ಇನ್ನೊಂದು ಯಾವ್ದವ್ವ?" ಎಂದಳು ಒಂದು ದಿನ ದೊಡ್ಡಮಲ್ಲಮ್ಮ.

ಪುಟ್ಟಸಿದ್ದಮ್ಮ ತಡವರಿಸಲಿಲ್ಲ. "ಹಸೂಂದು ಕಣವ್ವ. ಅದೂ ಕರ ಆಕದೆ."

ಹಸು ಕರು ಹಾಕಿ ಒಂದು ವರ್ಷವಾಗಿತ್ತು. ಕರು ಅಂಗಳದಲ್ಲಿ ಗೂಟ ಕಿತ್ತುಕೊಂಡು ಕುಣಿಯುತ್ತಿತ್ತು. ಗುಂಡ್ಲುಪೇಟೆಯ ವರ್ತಕರ ಮನೆಯ ಹೆಂಗಸಿಗೆ ಹಳ್ಳಿಯ ಹಸುಗಳ ಬಾಣಂತನ ಗೊತ್ತಿರಲಿಲ್ಲ. "ಈ ಕಡೆ ದನಾನ ಚೆಂದಾಗಿ ನೋಡ್ಕತೀರಿ" ಎಂದು ಮೆಚ್ಚಿದಳು.

ಇವೆಲ್ಲವನ್ನೂ ಹೇಗೋ ದಾಟಿಕೊಂಡ ಗುರುಮಲ್ಲಮ್ಮ ಖಾರದುಂಡೆಯ ಹತ್ತಿರ ಸಿಕ್ಕಿಬಿದ್ದಳು. ಶುಂಠಿ, ಮೆಣಸು, ಹಿಪ್ಪಲಿ ಕುಟ್ಟಿ ಬೆಲ್ಲ ತುಪ್ಪದಲ್ಲಿ ಕಟ್ಟಿದ ಆ ಉಂಡೆಗಳು ಅಡಿಗೆಮನೆಯ ಮೇಲಿನ ಹಲಗೆಯ ಮಡಕೆಯಲ್ಲಿದ್ದವು. ಬೆಳಿಗ್ಗೆ ಒಂದು ತಿಂದರೆ ಹೆತ್ತವಳ ಸೊಂಟಕ್ಕೆ ಬಲ. ಅಂದು ಸೊಂಟ ಮುರಿದುಬೀಳುವಂತಾಗಿ, ಅವಳು ಒಂದನ್ನು ಬಾಯಿಗೆ ಹಾಕಿಕೊಂಡು ತಿರುಗಿದರೆ ಬಾಗಿಲಲ್ಲಿ ಬೀಗಿತಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗುರುಮಲ್ಲಮ್ಮನ ಕೆನ್ನೆ ಉಬ್ಬಿತ್ತು. ಅಗಿಯುವಂತಿಲ್ಲ, ಉಗುಳುವಂತಿಲ್ಲ. ಖಾರಕ್ಕೆ ಕಣ್ಣಲ್ಲಿ ನೀರು ಬಂತು.

"ಬಾಣಂತಿ ಬಾಯಿಂದ ಕಿತ್ಕಂಡಾ ಬೀಗಿತಿ?" ಎಂದಳು ದೊಡ್ಡಮಲ್ಲಮ್ಮ, ನಂಬಲಾರದವಳಂತೆ. "ಅದೂ ಸ್ವಂತ ಮಗಳ ಬಾಯಿಂದ? ಅದಕ್ಕೇಯಾ ಮಡಕೆ ಇಳೀತಾ ಇದ್ದದ್ದು! ನಾನು ಇಲಿ ಅನ್ಕಂಡಿದ್ದೆ."

ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು. ನಾನೂ ಬಾಣಂತಿ ಅಕ್ಕಾ, ಅಷ್ಟೇ. ಆ ಮಾತು ಗಂಟಲವರೆಗೆ ಬಂತು. ಅಲ್ಲಿ ಖಾರದುಂಡೆ ಇತ್ತು. ಹೊಟ್ಟೆಬಾಕಿ ಅನ್ನಿಸಿಕೊಳ್ಳುವುದೋ, ಮಗಳ ಜೊತೆ ಹೆತ್ತವಳು ಅನ್ನಿಸಿಕೊಳ್ಳುವುದೋ? ಗುರುಮಲ್ಲಮ್ಮ ಉಂಡೆಯನ್ನು ನುಂಗಿದಳು.

"ಬಾಯಿ ಚಪಲ ಅಕ್ಕಾ" ಎಂದಳು.

ಅಂದಿನಿಂದ ಮಡಕೆ ಬೀಗಿತಿಯ ತಲೆದಿಂಬಿನ ಪಕ್ಕಕ್ಕೆ ಹೋಯಿತು.

ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ ಅವಳು ಅವನನ್ನು ಕೊಟ್ಟಿಗೆಗೆ ಕರೆದಳು. ಈಗ ಅವಳ ಸಂಸಾರವೆಲ್ಲ ಕೊಟ್ಟಿಗೆಯಲ್ಲೇ ನಡೆಯುತ್ತಿತ್ತು.

"ನಂಗಾಗಲ್ಲ. ನೀವೇ ಯೋಳ್ಬುಡಿ."

"ನಾನಾ?" ದೊಡ್ಡಮಲ್ಲಪ್ಪ ಎತ್ತಿನ ಮುಖ ನೋಡಿದ. "ಬೀಗಿತಿ ಮುಂದೆ ಗಂಡ್ಸು ಓಗಿ ಎಂಗೆ ಯೋಳದು? ಇದು ಎಂಗಸ್ರ ವಿಷ್ಯ."

"ನಾನೊಬ್ಳೇ ಮಾಡ್ಕಂಡ ವಿಷ್ಯನಾ ಇದು?"

ದೊಡ್ಡಮಲ್ಲಪ್ಪ ಎತ್ತಿನ ಕುತ್ತಿಗೆ ಕೆರೆದ. ಎತ್ತು ಕೂಡ ಬೇರೆ ಕಡೆ ನೋಡುತ್ತಿತ್ತು.

"ತೊಟ್ಲು ಶಾಸ್ತ್ರದ ದಿನ ಅವನಿಗೆ ಮರಿಮಲ್ಲಪ್ಪ ಅಂತ ಎಸ್ರು ಇಡ್ತಾರಂತೆ" ಎಂದಳು ಗುರುಮಲ್ಲಮ್ಮ. "ಅವರ ಯಜಮಾನ್ರ ಎಸ್ರು."

ಇದು ತಾಗಿತು. "ಅದೆಂಗೆ ಇಡ್ತಾರೆ? ನಮ್ಮಪ್ಪನ ಎಸ್ರು ಇಡ್ಬೇಕು ಅಂತಿದ್ದೋನು ನಾನು. ಗುರುಮಲ್ಲಯ್ಯ ಅಂತ!"

"ಅಂಗಾದ್ರೆ ಓಗಿ ಯೋಳಿ."

ದೊಡ್ಡಮಲ್ಲಪ್ಪ ಟವಲ್ಲನ್ನು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಾಲ್ಕು ಹೆಜ್ಜೆ ನಡೆದ. ಒಳಗಿನಿಂದ ಬೀಗಿತಿ ಯಾರನ್ನೋ ಗದರುವ ದನಿ ಕೇಳಿತು. ಅವನು ನಿಂತ. ಯೋಚಿಸಿದ. ಹಿಂದಕ್ಕೆ ತಿರುಗಿದ.

"ಮರಿಮಲ್ಲಪ್ಪ ಅನ್ನೋದೂ ಚೆಂದಾಗೇ ಅದೆ ಬುಡು" ಎಂದ.

ಹೆಸರಾದರೂ ಹೋಗಲಿ. ಮಾರನೆಯ ದಿನ ದೊಡ್ಡಮಲ್ಲಮ್ಮ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮುಂದಿನದನ್ನೆಲ್ಲ ಹೇಳುತ್ತಿದ್ದಳು. ಐದನೆಯ ತಿಂಗಳಿಗೆ ಬಂದು ಬಾಣಂತಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗುವುದು. ಮೊದಲು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಮಂಜಿನಲ್ಲಿ ದೇವರಿಗೆ ತೋರಿಸುವುದು. ಆಮೇಲೆ ಈ ನನ್ನ ರಾಜ ಅಂಗಡಿಯ ಗಲ್ಲಾದ ಮೇಲೆ ಕೂತು ಈರುಳ್ಳಿ ವ್ಯಾಪಾರ ಮಾಡುತ್ತಾನೆ. "ಅಲ್ವೇನೋ? ಮಾಡ್ತೀಯೇನೋ ಯಾಪಾರವ?"

ಗುರುಮಲ್ಲಮ್ಮ ಬಾಗಿಲಲ್ಲಿ ಕೆಂಡದ ಸಟ್ಟುಗ ಹಿಡಿದು ನಿಂತಿದ್ದಳು. ಐದನೆಯ ತಿಂಗಳಿಗೆ ಅವನನ್ನು ಲಾರಿ ಹತ್ತಿಸಿ ಕಳಿಸಿ, ತಾನು ಬೀದಿಯಲ್ಲಿ ಕೈ ಬೀಸುತ್ತ ನಿಂತಂತೆ ಕಂಡಿತು. ಹನ್ನೆರಡು ವರ್ಷದ ಅಂತರದಲ್ಲಿ ಹುಟ್ಟಿದ ಎರಡು ಹೆಣ್ಣು, ನಡುವೆ ಉಳಿಯದೇ ಹೋದ ಎರಡು, ಈಗ ಈ ಒಂದು. ನಾಚಿಕೆಗೆ ಒಂದು ಲೆಕ್ಕ ಬೇಡವೇ? ಕೆಂಡ ಕೊಟ್ಟು ಅಲ್ಲೇ ಕೂತಳು. ಈಗ ಹೇಳಿಯೇಬಿಡುತ್ತೇನೆ.

"ಅಕ್ಕಾ, ನಿಮ್ಮುಂದೆ ಒಂದು ಮಾತು..."

"ಗೊತ್ತು ಬುಡಿ" ಎಂದಳು ದೊಡ್ಡಮಲ್ಲಮ್ಮ, ಮೆಲ್ಲಗೆ. "ಉಂಡೆ ವಿಷ್ಯ ತಾನೆ? ನಾನು ಯಾರ ಮುಂದೂ ಅನ್ನಲ್ಲ. ಎಷ್ಟಾದ್ರೂ ನೀವು ನಮ್ಮ ಸೊಸೆ ಎತ್ತ ತಾಯಿ. ಒಟ್ಟೆ ಚಪಲ ಯಾರಿಗಿಲ್ಲ?" ಎಂದು ಅವಳ ಕೈಗೆ ಒಂದು ಖಾರದುಂಡೆ ಇಟ್ಟಳು. "ತಿನ್ನಿ. ಆದ್ರೆ ಕೇಳ್ಬುಟ್ಟು ತಿನ್ನಿ."

ಇಷ್ಟು ಒಳ್ಳೆತನದ ಮುಂದೆ ಯಾರು ತಾನೆ ಏನು ಹೇಳಿಯಾರು? ಗುರುಮಲ್ಲಮ್ಮ ಉಂಡೆ ತಿಂದು ಎದ್ದಳು.

ತೊಟ್ಟಿಲು ಶಾಸ್ತ್ರದ ದಿನ ಊರ ಹೆಂಗಸರೆಲ್ಲ ಬಂದರು. ಸಾಮಾನ್ಯವಾಗಿ ಬರದವರೂ ಬಂದರು. ಎಲ್ಲರಿಗೂ ಎಲ್ಲ ಗೊತ್ತಿತ್ತು. ನಡುಮನೆಯಲ್ಲಿ ಕೂತವರೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಹಲ್ಲುನೋವು ಬಂದವರ ಹಾಗೆ. ಪಕ್ಕದ ಮನೆಯಾಕೆ ತೊಟ್ಟಿಲೊಳಗೆ ಬಗ್ಗಿ, "ಎಂಥಾ ಅವಳಿ ಕಣವ್ವ! ಒಂದು ತಾಯಂಗದೆ, ಇನ್ನೊಂದು ಅಜ್ಜಿಯಂಗದೆ!" ಎಂದಳು. ಮೂಲೆಯಲ್ಲಿ ಪುಟ್ಟಸಿದ್ದಮ್ಮನಿಗೆ ಕೆಮ್ಮು ಹತ್ತಿತು. ಅದು ಮನೆಯೆಲ್ಲ ಹಬ್ಬಿತು.

ಗಂಗಾಧರಸ್ವಾಮಿ ಅದೇ ಲಾರಿಯಲ್ಲಿ ಬಂದಿದ್ದ. ಎರಡು ಬೆಳ್ಳಿ ಉಡಿದಾರ, ಎರಡು ಕುಲಾವಿ, ಎರಡು ಗಿಲಕಿ, ಒಂದು ಬುಟ್ಟಿ ಕಲ್ಲುಸಕ್ಕರೆ ತಂದಿದ್ದ. ಜಗುಲಿಯ ಮೇಲೆ ಮಾವನ ಪಕ್ಕದಲ್ಲಿ ಕೂತು, ಗುಂಡ್ಲುಪೇಟೆಯ ಮಂಡಿಯಲ್ಲಿ ಅವಳಿಯ ಸುದ್ದಿಗೆ ಯಾರ್ಯಾರು ಏನೇನಂದರು ಎಂದು ಹೇಳುತ್ತಿದ್ದ. ದೊಡ್ಡಮಲ್ಲಪ್ಪ ಹೂಂಗುಟ್ಟುತ್ತ ಬೀದಿಯ ಕೊನೆಯನ್ನೇ ನೋಡುತ್ತಿದ್ದ, ಯಾವ ಕಡೆಯಿಂದ ಓಡಬಹುದು ಅನ್ನುವವನ ಹಾಗೆ.

ಬೆಳಗಿನ ಜಾವದಿಂದ ಗುರುಮಲ್ಲಮ್ಮ ಕೂತಿರಲಿಲ್ಲ. ಸಾರಿಸಿದಳು, ನೀರು ಸೇದಿದಳು, ಬಾಣಂತಿಗೆ ಕಾಸಿದಳು, ಬಂದವರಿಗೆಲ್ಲ ಅಡಿಗೆಗಿಟ್ಟಳು. ಎಳೆಬಿಸಿಲಿಗೆ ಹೋಗಲು ಹೊತ್ತೇ ಸಿಗದೆ ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ನೀಲಿ ಕೈಯಲ್ಲಿ ಕಲ್ಲುಸಕ್ಕರೆ ಹಿಡಿದುಕೊಂಡು, ಅದನ್ನು ತಿನ್ನದೆ, ಅವ್ವ ಹೋದಲ್ಲೆಲ್ಲ ಅವ್ವನ ಮುಖವನ್ನೇ ನೋಡುತ್ತ ಹಿಂದೆ ಹಿಂದೆ ತಿರುಗುತ್ತಿದ್ದಳು. ಅವ್ವನ ಮುಖ ಸುಣ್ಣದ ಗೋಡೆಯಂತಿತ್ತು.

ಹೊಸ ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದ ಶಾಂತ ತಾಯಿಯನ್ನು ನೋಡಿ, "ಅವ್ವಾ, ಇಲ್ಲಿ ಬಂದು ಕುಂತ್ಕ" ಎಂದು ಪಿಸುಗುಟ್ಟಿದಳು.

"ಎಲ್ಲ ಆದ್ಮೇಲೆ ಕುಂತ್ಕತೀನಿ ಬುಡು."

ದೊಡ್ಡಮಲ್ಲಮ್ಮ ಹೆಣ್ಣುಕೂಸಿನ ಕಿವಿಯಲ್ಲಿ ಹೆಸರು ಹೇಳಿ ಮುಗಿಸಿದಳು. ಈಗ ಗಂಡಿನ ಸರದಿ. ಅವನನ್ನು ಎತ್ತಿಕೊಂಡು, ಕುಲಾವಿ ಸರಿಮಾಡಿ, ಸುತ್ತ ನೋಡಿದಳು. ಅವಳ ಕಣ್ಣು ಒದ್ದೆಯಾಗಿತ್ತು. "ಬೀಗಿತೀ, ಆರತಿ ತಟ್ಟೆ ತಗಂಬನ್ನಿ. ಅಂಗೇ ಬಾಣಂತಿ ಕಾಲಿಗೆ ಒಂದು ತಂಬಿಗೆ ಬಿಸ್ನೀರು. ಬಾಣಂತಿ ತಣ್ಣೆಲದ ಮ್ಯಾಲೆ ಕಾಲಿಟ್ಕಂಡವ್ಳೆ, ಶೀತ ಆಗ್ಬುಟ್ರೆ ಕಷ್ಟ. ಯಾರಾದ್ರೂ ಒಂದು ಕಂಬ್ಳಿ ಒದ್ದಿಸ್ರವ್ವ, ಅಸಿಬಾಣಂತಿ ಅವಳು!"

ಮೂರು ಜನ ಕಂಬಳಿ ಹಿಡಿದು ಶಾಂತಳ ಕಡೆ ಧಾವಿಸಿದರು.

ಗುರುಮಲ್ಲಮ್ಮ ಒಂದು ಕೈಯಲ್ಲಿ ಆರತಿ ತಟ್ಟೆ, ಇನ್ನೊಂದರಲ್ಲಿ ಬಿಸಿನೀರಿನ ತಂಬಿಗೆ ಹಿಡಿದು ಹೊಸ್ತಿಲು ದಾಟುತ್ತಿದ್ದಳು. ಬೀಗಿತಿಯ ಕೈಯಲ್ಲಿ ಅವನು ಹಸಿದು ಕಿರುಚಿದ. ಗುರುಮಲ್ಲಮ್ಮ ಅಲ್ಲೇ ಕುಸಿದಳು. ತಟ್ಟೆ ಬೀಳಲಿಲ್ಲ, ತಂಬಿಗೆಯೂ ಬೀಳಲಿಲ್ಲ. ಎರಡನ್ನೂ ಹಿಡಿದುಕೊಂಡೇ ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ರವಿಕೆಯ ಮೇಲೆ ಎರಡು ಒದ್ದೆಯ ಕಲೆ ಮೆಲ್ಲಗೆ ದೊಡ್ಡದಾಗುತ್ತಿದ್ದವು. ಮುಚ್ಚಿಕೊಳ್ಳಲು ಕೈ ಖಾಲಿಯಿರಲಿಲ್ಲ.

"ಅಯ್ಯೋ, ಇದೇನು ಬೀಗಿತಿ?" ಎಂದಳು ದೊಡ್ಡಮಲ್ಲಮ್ಮ. "ಬಾಣಂತಿ ಗಟ್ಟಿಯಾಗಿ ಕುಂತವ್ಳೆ, ನೀವು ಬಿದ್ದೋಯ್ತಾ ಇದ್ದೀರಲ್ಲ!"

ಹೆಂಗಸರ ಸೆರಗುಗಳ ಹಿಂದೆ ಕಿಸಕ್ಕೆಂದಿತು. ಯಾರೂ ಕಂಬಳಿ ತರಲಿಲ್ಲ.

ನೀಲಿ ಕಲ್ಲುಸಕ್ಕರೆಯನ್ನು ನೆಲಕ್ಕೆ ಹಾಕಿದಳು. ಗುರುಮಲ್ಲಮ್ಮ ಅವಳ ಬಾಯಿ ಮುಚ್ಚಲು ಕೈ ಎತ್ತಬೇಕೆಂದುಕೊಂಡಳು. ಒಂದರಲ್ಲಿ ತಟ್ಟೆ, ಒಂದರಲ್ಲಿ ತಂಬಿಗೆ. ನೀಲಿ ನಡುಮನೆಯ ಮಧ್ಯಕ್ಕೆ ಹೋಗಿ, ಅಕ್ಕನ ಅತ್ತೆಯ ಎದುರು ನಿಂತು, ಜಗುಲಿಯ ಮೇಲಿದ್ದ ಗಂಡಸರಿಗೂ ಬೀದಿಯಲ್ಲಿದ್ದ ಲಾರಿ ಡ್ರೈವರನಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು:

"ಅತ್ತೇ, ಅಕ್ಕಂಗೂ ಕೂಸಾಯ್ತು, ನಮ್ಮವ್ವಂಗೂ ಕೂಸಾಯ್ತು. ಅಕ್ಕನ್ನ ಎಲ್ಲಾರೂ ಮಲಗ್ಸಿ ನೋಡ್ಕತೀರಿ, ನಮ್ಮವ್ವನ್ನ ಯಾರು ನೋಡ್ಕಳದು?"